ಕಡ್ಲೆಪುರಿಯ ಹಿಂದೆ ಓಡಿದ ನಾಯಿ

ಲಾಂಗ್ ಬೀಚಿನ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತರೆ ಒಂದು ಕಡೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಇನ್ನೊಂದು ಕಡೆ, ಮಳೆ ಬಂದು ಹೊಗೆಯೆಲ್ಲ ತೊಳೆದುಹೋದ ದಿನ ಮಾತ್ರ, ದೂರದಲ್ಲಿ ಹಿಮ ಹೊದ್ದ ಬೆಟ್ಟಗಳು. ಎರಡು ಸಾವಿರದ ಆರೋ ಏಳೋ ಇಸವಿ ಇರಬೇಕು. ಅಬ್ಬಾ ಮೈಸೂರಿನಿಂದ ಬಂದ ಮೂರನೇ ವಾರ ಅಂಥದೊಂದು ಬೆಳಿಗ್ಗೆ ಆ ಬೆಟ್ಟ ಅವರ ಕಣ್ಣಿಗೆ ಬಿದ್ದುಬಿಟ್ಟಿತು. ಟೀ ಲೋಟ ಹಿಡಿದುಕೊಂಡೇ, ಬೆಟ್ಟಕ್ಕೆ ಯಾರು ಸುಣ್ಣ ಬಳಿದರು ಎಂದು ಕೂಗಿದರು. ಹಿಮ ಎಂದೆ. ನಂಬಲಿಲ್ಲ. ಕೆಳಗೆ ರಸ್ತೆಯಲ್ಲಿ ಜನ ಚಡ್ಡಿ ಹಾಕಿಕೊಂಡು ಓಡಾಡುತ್ತಿರುವಾಗ ಹಿಮ ಅಂದರೆ ಯಾರು ತಾನೇ ನಂಬುತ್ತಾರೆ?

"ಹಾಗಾದ್ರೆ ನಾನು ಅದನ್ನ ಮುಟ್ಟಬೇಕು" ಎಂದರು. ಅಷ್ಟೇ ಸಾಕಾಯಿತು ನನಗೆ.

ಆ ಕ್ಷಣವೇ ಗೆಳತಿಗೆ ಫೋನ್ ಮಾಡಿದೆ. ಅವಳಿದ್ದದ್ದು ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚಿನಲ್ಲಿ. ಗಂಡ ಹೆಂಡತಿ ಇಬ್ಬರೂ ಟೆಲಿಕಾಂ ಇಂಜಿನಿಯರುಗಳು. ಬೆಂಗಳೂರಿನವಳು, ಮೈಸೂರಿನಲ್ಲಿ ನನ್ನ ಜೊತೆ ಇಂಜಿನಿಯರಿಂಗ್ ಓದಿದವಳು. ಹಾಸ್ಟೆಲ್ ಊಟ ಸೇರದೆ ಭಾನುವಾರ ಭಾನುವಾರ ನಮ್ಮ ಮನೆಗೆ ಬಂದು, ಅಮ್ಮಿ ಅವಳಿಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿಟ್ಟ ತರಕಾರಿ ಪಲಾವ್ ತಿಂದು ಹೋಗುತ್ತಿದ್ದಳು.

"ಶನಿವಾರನೇ ಹೋಗೋಣ ಕಣೆ. ಬೆಟ್ಟದ ಮೇಲೆ ಕೆರೆ ಇದೆ, ಈ ಸಲ ಫ್ರೀಜ್ ಆಗಿದೆಯಂತೆ. ನಾನು ಲಿಸ್ಟ್ ಮೇಲ್ ಮಾಡ್ತೀನಿ" ಎಂದಳು.

ಅವಳದು ಎಲ್ಲಕ್ಕೂ ಲಿಸ್ಟ್. ಟೈರ್ ಚೈನ್, ಗ್ಲೌಸ್, ಥರ್ಮಾಸ್, ಜಮಖಾನ, ಪಾರ್ಕಿಂಗ್ ಎಲ್ಲಿ, ಆ ರಸ್ತೆಯ ಹೆಸರೇನು, ಎಲ್ಲವನ್ನೂ ಬರೆದು ಕಳಿಸಿದಳು. ನಾನು ಲಿಸ್ಟ್ ಓದುವವಳಲ್ಲ. ಆರ್ಟೀಸಿಯಾದ ಇಂಡಿಯನ್ ಅಂಗಡಿಗೆ ಹೋಗಿ ಎರಡು ದೊಡ್ಡ ಪ್ಯಾಕೆಟ್ ಕಡ್ಲೆಪುರಿ ತಂದೆ, ಅಷ್ಟೇ ನನ್ನ ತಯಾರಿ. ಕೆರೆ ಅಂದ ಮೇಲೆ ಪುರಿ ಬೇಡವೆ? ಮೈಸೂರಿನಲ್ಲಿ ಹುಟ್ಟಿ ಬೆಳೆದ ಯಾರನ್ನಾದರೂ ಕೇಳಿ. ದಂಡೆಯ ಮೇಲೆ ನಿಂತು ಮೀನಿಗೋ ಬಾತುಕೋಳಿಗೋ ನಾಲ್ಕು ಹಿಡಿ ಪುರಿ ಎಸೆಯದೆ ಬಂದರೆ ಅದು ಕೆರೆಗೆ ಹೋದ ಲೆಕ್ಕವೇ ಅಲ್ಲ.

ಅಬ್ಬಾನ ವಿಷಯ ಸ್ವಲ್ಪ ಹೇಳಬೇಕು. ಅವರು ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಹೆಸರಿಗೆ ಬೆಂಕಿ ಇಲಾಖೆ; ಅವರು ಹೆಚ್ಚಾಗಿ ಹೋದದ್ದು ನೀರಿಗೆ. ಬಾವಿಗೆ ಬಿದ್ದ ಎಮ್ಮೆ, ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡ ಹಸು, ನಾಲೆಗೆ ಬಿದ್ದ ನಾಯಿ, ಒಮ್ಮೊಮ್ಮೆ ಅವನ್ನು ಎತ್ತಲು ಹೋಗಿ ತಾನೂ ಬಿದ್ದ ಮನುಷ್ಯ. ಮನೆಯಲ್ಲಿ ನಮ್ಮದು ಉರ್ದು. ಆದರೆ ಅಬ್ಬಾ ಆರ್ಡರ್ ಕೊಡುವುದು ಕನ್ನಡದಲ್ಲಿ, ಅದು ಅವರ ಡ್ಯೂಟಿ ಭಾಷೆ. ಅವರು ಕನ್ನಡಕ್ಕೆ ತಿರುಗಿದರೆಂದರೆ ಏನೋ ಆಗಿದೆ ಎಂದು ನಾವು ಮಕ್ಕಳೆಲ್ಲ ಗಪ್‌ಚುಪ್. ಇನ್ನು ಸ್ವಭಾವದಲ್ಲಿ ನಾನು ಅವರ ಪಡಿಯಚ್ಚು, ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಒಂದೇ ವ್ಯತ್ಯಾಸ. ತಲೆ ಬಿಸಿಯಾದರೆ ಅವರು ನಿಂತುಬಿಡುತ್ತಾರೆ, ನಾನು ಓಡುತ್ತೇನೆ.

ಶನಿವಾರ ಬೆಳಿಗ್ಗೆ ಬೆಟ್ಟದ ಬುಡದ ಗ್ಯಾಸ್ ಸ್ಟೇಷನ್ನಿನಲ್ಲಿ ಎರಡೂ ಕಾರು ಸೇರಿದವು. ಮೇಲೆ ಹತ್ತುವಾಗ ಮೊದಲು ಒಣ ಕುರುಚಲು, ಆಮೇಲೆ ಪೈನ್ ಮರ, ಆಮೇಲೆ ರಸ್ತೆಯಂಚಿನಲ್ಲಿ ಕೊಳಕು ಹಿಮದ ಗುಡ್ಡೆ. ಪ್ರತಿ ತಿರುವಿನಲ್ಲೂ ಅಬ್ಬಾ ಕಿಟಕಿ ಇಳಿಸಿ ಕೈ ಹೊರಗೆ ಹಾಕುವವರು, ನಾನು ಬಯ್ಯುವವಳು. ಕೆರೆ ತಲುಪುವ ಹೊತ್ತಿಗೆ ರಸ್ತೆ ಜಾರತೊಡಗಿತ್ತು. ನನ್ನ ಗಂಡನೂ ಗೆಳತಿಯ ಗಂಡನೂ ಟೈರಿಗೆ ಚೈನ್ ಹಾಕುವ ವಿದ್ಯೆ ಕಲಿಯುತ್ತ ಮೇಲೆ ರಸ್ತೆಯಲ್ಲೇ ಉಳಿದರು. ಅಬ್ಬಾ, ಗೆಳತಿ, ನಾನು ದಂಡೆಗೆ ಇಳಿದೆವು.

ಅಬ್ಬಾ ಬಗ್ಗಿ ಒಂದು ಹಿಡಿ ಹಿಮ ತೆಗೆದುಕೊಂಡರು. ಮೂಸಿದರು. ಬಾಯಿಗೆ ಹಾಕಿಕೊಂಡರು.

"ರುಚಿನೇ ಇಲ್ವಲ್ಲಮ್ಮ ಇದಕ್ಕೆ!" ಎಂದು ಗೆಳತಿಯ ಕಡೆ ತಿರುಗಿದರು.

"ಮೇಲೆ ಸ್ವಲ್ಪ ಶರಬತ್ ಹುಯ್ದುಕೊಳ್ಳಿ ಅಂಕಲ್, ಐಸ್‌ಕ್ಯಾಂಡಿ ಆಗುತ್ತೆ" ಎಂದಳು ಅವಳು. ಮೂವರೂ ಮಕ್ಕಳ ಹಾಗೆ ನಕ್ಕೆವು. ನನಗಂತೂ ಎದೆಯೊಳಗೆ ತಮಟೆ ಬಾರಿಸಿದಷ್ಟು ಖುಷಿ.

ಕೆರೆ ದಂಡೆಯ ಹತ್ತಿರ ಬೆಳ್ಳಗೆ ಗಟ್ಟಿಯಾಗಿತ್ತು. ಮುಂದೆ ಬೂದು ಬಣ್ಣ. ಅದಕ್ಕೂ ಮುಂದೆ ಕಪ್ಪು ನೀರು, ಅದರಲ್ಲಿ ಒಂದಿಪ್ಪತ್ತು ಬಾತುಕೋಳಿ. ಐಸ್ ಮೇಲೆ ಕಾಲಿಡಬೇಡಿ ಎಂದು ಬೋರ್ಡ್ ಇತ್ತು. ಅಬ್ಬಾ ಬೋರ್ಡ್ ಓದದೆಯೇ ಒಂದು ಕಲ್ಲು ತೆಗೆದು ಎಸೆದು, ಸದ್ದು ಕೇಳಿಸಿಕೊಂಡರು. ಕೆಳಗೆ ಟೊಳ್ಳು, ಇದನ್ನು ನಂಬಬಾರದು ಎಂದರು. ಯಾರದೋ ಬೂಟಿನ ಗುರುತು ಐಸ್ ಮೇಲೇ ಇದೆಯಲ್ಲ ಎಂದು ನಾನು ವಾದಿಸಿದೆ. ಹೋದ ಗುರುತು ಇದೆ, ವಾಪಸ್ ಬಂದ ಗುರುತು ತೋರಿಸು ಎಂದರು. ವಾಪಸ್ ಬಂದದ್ದೂ ಇತ್ತು, ಆದರೆ ಆ ಮುಖ ನೋಡಿ ನಾನು ಮುಂದುವರಿಸಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಕೆಂಪು ಕೋಟಿನ ಒಬ್ಬ ಹೆಂಗಸು ಕೂತಿದ್ದಳು. ಅಬ್ಬಾನದೇ ವಯಸ್ಸು. ಪಕ್ಕದಲ್ಲಿ ಜೋಲು ಕಿವಿಯ ಕಂದು ನಾಯಿ. ಎದ್ದು ಬಂದು ಹಲೋ ಎಂದು ಅಬ್ಬಾನತ್ತ ಕೈ ಚಾಚಿದಳು. ಅಬ್ಬಾ ಪರ ಹೆಂಗಸರ ಕೈ ಮುಟ್ಟುವವರಲ್ಲ. ಎದೆಯ ಮೇಲೆ ಅಂಗೈ ಇಟ್ಟು ತಲೆ ಬಾಗಿಸಿದರು. ನಾನು ವಿವರಿಸಲು ಹೊರಡುವಷ್ಟರಲ್ಲಿ ಅವಳೂ ತನ್ನ ಎದೆಯ ಮೇಲೆ ಕೈ ಇಟ್ಟು ನಕ್ಕಳು. ಕೆರೆಯ ಆಚೆ ದಂಡೆಯಲ್ಲೇ ಮನೆಯಂತೆ. "ಮನೆಯಲ್ಲಿರೋದು ನಾವಿಬ್ಬರೇ, ನಾನೂ ಇವನೂ" ಎಂದು ನಾಯಿಯ ತಲೆ ಸವರಿ, ಪಟ್ಟಿಯಿಂದ ಹಗ್ಗ ಬಿಚ್ಚಿದಳು. ಅದು ಹಿಮದಲ್ಲಿ ಮೂಗು ಹುದುಗಿಸಿಕೊಂಡು ಸುತ್ತಾಡತೊಡಗಿತು.

ನಾನು ಪುರಿ ಪ್ಯಾಕೆಟ್ ಹರಿದೆ.

ಬಾತುಕೋಳಿಗಳು ದೂರ ಇದ್ದವು. ಬಲಗೈ ಬೀಸಿ ಜೋರಾಗಿಯೇ ಎಸೆದೆ. ನಮ್ಮೂರ ಕೆರೆಯಲ್ಲಾದರೆ ಪುರಿ ಬಿದ್ದಲ್ಲೇ ತೇಲುತ್ತದೆ, ಮೀನು ಬಂದು ಬಾಯಿ ಹಾಕುತ್ತದೆ. ಇಲ್ಲಿ ಕೆಳಗಿದ್ದದ್ದು ಗಾಜಿನಂಥ ನೆಲ, ಹಿಂದಿನಿಂದ ಗಾಳಿ. ಪುರಿ ಬಿದ್ದಲ್ಲಿ ನಿಲ್ಲಲಿಲ್ಲ. ಟಣಟಣ ಪುಟಿಯುತ್ತ, ಉರುಳುತ್ತ, ಇರುವೆ ಸಾಲಿನ ಹಾಗೆ ಕೆರೆಯ ನಡುವಿಗೆ ಹೊರಟಿತು. ಗೆಳತಿ ಚಪ್ಪಾಳೆ ತಟ್ಟಿದಳು. ನಾನು ಇನ್ನೊಂದು ಹಿಡಿ ಎಸೆದೆ.

ನಾಯಿ ಕಿವಿ ನಿಮಿರಿಸಿತು. ಮರುಕ್ಷಣ ಪುರಿಯ ಹಿಂದೆ ಓಟ ಕಿತ್ತಿತು.

ಬಿಳಿ ಐಸ್ ದಾಟಿತು. ಬೂದು ಐಸ್ ಮೇಲೆ ಒಂದು ಕಡೆ ಪುರಿ ನೆಕ್ಕಿತು, ಬಾಲ ಅಲ್ಲಾಡಿಸಿತು, ಮತ್ತೂ ಮುಂದೆ ಹೋಯಿತು. ಹಪ್ಪಳ ಮುರಿದಂಥ ಸದ್ದು. ಅಷ್ಟೇ, ನಾಯಿ ಇಲ್ಲ. ಕಪ್ಪಗೆ ಒಂದು ತೂತು. ತೂತಿನಲ್ಲಿ ತಲೆ ಮೇಲೆ ಬಂತು, ಎರಡು ಮುಂಗಾಲು ಐಸ್ ಕೆರೆಯುತ್ತಿದ್ದವು.

ಕೊಂದುಬಿಟ್ಟೆ, ಎಸೆದವಳು ನಾನೇ, ಕೊಂದುಬಿಟ್ಟೆ. ತಲೆಯಲ್ಲಿ ಬೇರೇನೂ ಇರಲಿಲ್ಲ. ಪ್ಯಾಕೆಟ್ ಬಿಸಾಕಿ ಓಡಿದೆ. ಒಂದು ಕಾಲು ಐಸ್ ಮೇಲೆ, ಎರಡನೆಯದೂ ಐಸ್ ಮೇಲೆ, ಮೂರನೇ ಹೆಜ್ಜೆಗೆ ಕಾಲಡಿಯಲ್ಲಿ ಲಟಲಟ ಎಂದು ಬಿರುಕು. ಬೂಟಿನೊಳಗೆ ನೀರು ನುಗ್ಗಿತು.

"ಏಯ್! ನಿಲ್ಲು! ಅಲ್ಲೇ ಮಲ್ಕೋ!"

ಕನ್ನಡ. ಮೂವತ್ತು ವರ್ಷದ ಡ್ಯೂಟಿಯ ಗಂಟಲು. ನನ್ನ ಮೈ ನನ್ನನ್ನು ಕೇಳದೆಯೇ ಮಲಗಿಕೊಂಡಿತು. ಅಬ್ಬಾ ದಂಡೆಯ ಮೇಲೇ ಬೋರಲು ಬಿದ್ದು, ಬೂಟುಗಾಲು ಬಂಡೆಗೆ ಒತ್ತಿ, ಒಂದು ತೋಳು ಚಾಚಿ ನನ್ನ ಜಾಕೆಟ್ಟಿನ ಟೊಪ್ಪಿಗೆ ಹಿಡಿದು ಎಳೆದರು. ಗೋಣಿಚೀಲ ಎಳೆದ ಹಾಗೆ ದಂಡೆಗೆ ಬಂದೆ.

"ಬುದ್ಧಿ ಇದೆಯಾ ನಿಂಗೆ? ನಾಯಿ ಭಾರ ತಡೀದೆ ಇದ್ದದ್ದು ನಿನ್ನ ಭಾರ ತಡೆಯುತ್ತಾ?"

ಅಷ್ಟರಲ್ಲಿ ಕೆಂಪು ಕೋಟಿನವಳು ನಮ್ಮನ್ನು ದಾಟಿ ಹೊರಟಿದ್ದಳು. ನಾಯಿಯ ಹೆಸರು ಕೂಗುತ್ತ, ಕೋಟು ಬಿಚ್ಚುತ್ತ. ಅಬ್ಬಾ ಎದ್ದವರೇ ಅವಳ ಮಣಿಕಟ್ಟು ಹಿಡಿದರು. ಅದೇ ಅಬ್ಬಾ. ಗಟ್ಟಿಯಾಗಿ, ಉಡದ ಹಿಡಿತ. "ನೋ ಮೇಡಂ. ಯೂ ಗೋ, ಟೂ ಡೆಡ್" ಎಂದರು. ಅವಳು ಕೊಸರಾಡಿದಳು, ಇನ್ನೊಂದು ಕೈಯಿಂದ ಅವರ ಭುಜಕ್ಕೆ ಗುದ್ದಿದಳು. ಅವರು ಬಿಡಲಿಲ್ಲ.

ಆಮೇಲೆ ಆರ್ಡರುಗಳು. "ತಾಯಿ, ನೀವು ಬೆರಳು ತೋರಿಸ್ತಾ ನಿಂತ್ಕೊಳ್ಳಿ, ನಾಯಿ ಎಲ್ಲಿದೆಯೋ ಅಲ್ಲಿಗೆ. ಏನೇ ಆಗ್ಲಿ ಕಣ್ಣು ತೆಗೀಬೇಡಿ." ಗೆಳತಿ ಗ್ಲೌಸ್ ಹಾಕಿದ ಬೆರಳು ನೀಟಿ ಕಂಬದ ಹಾಗೆ ನಿಂತಳು. "ನೀನು ಫೈರ್ ಸರ್ವಿಸ್‌ಗೆ ಫೋನ್ ಮಾಡು. ಜಾಗ ಸರಿಯಾಗಿ ಹೇಳು."

ನೈನ್ ಒನ್ ಒನ್ ಸಿಕ್ಕಿತು. ಎಲ್ಲಿದ್ದೀರಿ ಎಂದು ಕೇಳಿದರು. ಎಲ್ಲಿದ್ದೇನೆ? ನನಗೇನು ಗೊತ್ತು! ಕೆರೆ, ಐಸ್, ನಾಯಿ ಎಂದು ತೊದಲಿದೆ. ನೀರಿನಿಂದ ಕಣ್ಣು ತೆಗೆಯದೆಯೇ ಗೆಳತಿ ರಸ್ತೆಯ ಹೆಸರು, ಪಾರ್ಕಿಂಗ್ ನಂಬರ್, ಪಕ್ಕದ ದೋಣಿಕಟ್ಟೆ, ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದಳು. ಅವಳ ಲಿಸ್ಟುಗಳನ್ನು ನಾನು ಎಷ್ಟು ಆಡಿಕೊಂಡಿದ್ದೆನೋ ಅಷ್ಟಕ್ಕೂ ಅಲ್ಲೇ ಮನಸ್ಸಿನಲ್ಲಿ ಕ್ಷಮೆ ಕೇಳಿದೆ. ಬರುತ್ತಿದ್ದಾರೆ, ಯಾರೂ ಐಸ್ ಮೇಲೆ ಹೋಗಬೇಡಿ ಎಂದಿತು ಫೋನಿನ ದನಿ.

ನಾಯಿ ತೂತಿನಲ್ಲಿ ಸುತ್ತು ಹೊಡೆಯುತ್ತಿತ್ತು. ದಂಡೆಯುದ್ದಕ್ಕೂ ಜನ ಸೇರಿದ್ದರು, ಆ ಕಡೆಯಿಂದೊಬ್ಬ ಸಿಳ್ಳೆ ಹೊಡೆದ, ಈ ಕಡೆಯಿಂದೊಬ್ಬಳು ಬಾ ಬಾ ಎಂದಳು. ನಾಯಿ ಗೊಂದಲಗೊಂಡು ಕಪ್ಪು ನೀರಿನ ಕಡೆಗೇ ತಿರುಗಿತು. ನನಗೆ ತಡೆಯಲಾಗಲಿಲ್ಲ.

"ಬಿಡಿ ಅಬ್ಬಾ, ಹೊಟ್ಟೆ ಮೇಲೆ ತೆವಳಿಕೊಂಡು ಹೋಗ್ತೀನಿ! ನನ್ನಿಂದಾನೇ ಆಗಿದ್ದು! ಜೀವಮಾನವೆಲ್ಲ ಹೀಗೇ ಹಿಡಿದಿಟ್ಟಿರಿ ನನ್ನ! ಈಜು ಬೇಡ, ಸೈಕಲ್ ಬೇಡ, ಅಲ್ಲಿ ಹೋಗ್ಬೇಡ, ಇಲ್ಲಿ ಹೋಗ್ಬೇಡ! ನಿಮ್ಮಷ್ಟು ಹೆದರುಪುಕ್ಕಲು ಮನುಷ್ಯನ್ನ ನಾನು ನೋಡಿಲ್ಲ!"

ಎಲ್ಲರ ಮುಂದೆ ಕಿರುಚಿದೆ. ಅವರು ನನ್ನತ್ತ ನೋಡಲೇ ಇಲ್ಲ.

"ಎಲ್ರಿಗೂ ಬಾಯಿ ಮುಚ್ಚೋಕೆ ಹೇಳು" ಎಂದರು. "ಆಯಮ್ಮ ಒಬ್ರೇ ಕರೀಲಿ. ಅದು ಓಡಿಹೋಯ್ತಲ್ಲ, ಅದೇ ದಾರಿಗೆ ನೇರವಾಗಿ ನಿಂತು ಕರೀಲಿ. ಅಲ್ಲೀವರೆಗೂ ಐಸ್ ಅದರ ಭಾರ ಹೊತ್ತಿದೆ. ಬಂದ ಕಡೆಗೇ ಬರ್ಬೇಕು ಅದು."

ನಾನು ಇಂಗ್ಲಿಷಿನಲ್ಲಿ ಅರಚಿದೆ. ಜನ ಸುಮ್ಮನಾದರು. ಅಬ್ಬಾ ಅವಳನ್ನು ಮಣಿಕಟ್ಟು ಹಿಡಿದುಕೊಂಡೇ ಹತ್ತು ಹೆಜ್ಜೆ ಪಕ್ಕಕ್ಕೆ ನಡೆಸಿ, ದಂಡೆಯ ಮೇಲೆ ಕೂರಿಸಿ, ತಾವೂ ಕೂತರು. ನಾನೂ ಪಕ್ಕದಲ್ಲಿ ಕುಸಿದೆ. ಅವಳು ಕರೆದಳು. ಮೊದಲು ದನಿ ಒಡೆಯಿತು. ಎರಡನೇ ಸಲ ಮನೆಯಲ್ಲಿ ಊಟಕ್ಕೆ ಕರೆಯುವಂತೆ ಕರೆದಳು. ನಾಯಿ ತಿರುಗಿತು! ನಮ್ಮ ಕಡೆಗೇ ಈಜಿತು! ಮುಂಗಾಲು ಐಸ್ ಮೇಲೆ ಹಾಕಿತು, ಅಂಚು ಮುರಿಯಿತು. ಮತ್ತೆ ಹಾಕಿತು, ಮತ್ತೆ ಮುರಿಯಿತು. ಮೂರನೇ ಸಲ ಮುರಿಯಲಿಲ್ಲ. ಹತ್ತಲು ಶಕ್ತಿಯಿರಲಿಲ್ಲ ಅದಕ್ಕೆ. ಎರಡು ಕಾಲೂ ಗದ್ದವೂ ಐಸ್ ಮೇಲಿಟ್ಟು ನೇತಾಡಿತು.

"ಸಾಕು. ಹಾಗೇ ಇರ್ಲಿ. ಮಾತಾಡಿಸ್ತಾನೇ ಇರ್ಲಿ ಆಯಮ್ಮ."

ಅಷ್ಟರಲ್ಲಿ ಸ್ನೋಬೋರ್ಡ್ ಹೊತ್ತ ಇಬ್ಬರು ಗಡ್ಡದವರು ಓಡಿಬಂದು, ಅದರ ಮೇಲೆ ಮಲಗಿ ಜಾರಿಕೊಂಡು ಹೋಗುತ್ತೇವೆ ಎಂದು ಐಸ್‌ಗೆ ಇಳಿಯಲು ಹೊರಟರು. ಅಬ್ಬಾ ಕೂತಲ್ಲಿಂದಲೇ ಗರ್ಜಿಸಿದರು: "ಏಯ್! ನಿಲ್ರೋ ಅಲ್ಲೇ!" ದೇವರಾಣೆ ಹೇಳುತ್ತೇನೆ, ಒಂದಕ್ಷರ ಕನ್ನಡ ಬಾರದ ಆ ಇಬ್ಬರೂ ಎತ್ತಿದ ಕಾಲು ಎತ್ತಿದಂತೆಯೇ ನಿಂತರು. ಅಷ್ಟು ಭಯದಲ್ಲೂ ಗೆಳತಿಗೆ ನಗು ಉಕ್ಕಿಬಂತು, ಆದರೆ ಬೆರಳು ಅಲುಗಲಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನನಗೆ ಗೊತ್ತಿಲ್ಲ. ಗೆಳತಿ ಹದಿನೈದು ನಿಮಿಷ ಎನ್ನುತ್ತಾಳೆ. ನಾಯಿಯ ಕಣ್ಣು ಮುಚ್ಚಿ ಮುಚ್ಚಿ ತೆರೆಯುತ್ತಿತ್ತು. ಕಡೆಗೆ ಸೈರನ್.

ಕಿತ್ತಲೆ ಬಣ್ಣದ ಉಬ್ಬಿದ ಸೂಟು ತೊಟ್ಟ ಇಬ್ಬರು ಇಳಿದರು. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ದಂಡೆಯಲ್ಲಿ ನಾಲ್ಕು ಜನರ ಕೈಯಲ್ಲಿ. ಒಬ್ಬ ಅಲ್ಲೇ ಸಜ್ಜಾಗಿ ನಿಂತ, ಇನ್ನೊಬ್ಬ ಚಪ್ಪಟೆ ದೋಣಿಯಂಥದ್ದನ್ನು ಮುಂದೆ ತಳ್ಳುತ್ತ ಐಸ್ ಮೇಲೆ ಹೊಟ್ಟೆ ಊರಿ ತೆವಳಿದ. ಅಬ್ಬಾ ಪ್ರತಿ ಚಲನೆಗೂ ತಲೆಯಾಡಿಸುತ್ತ ಪಿಸುಗುಟ್ಟುತ್ತಿದ್ದರು, "ಸರಿ... ಸರಿ... ಪಕ್ಕದಿಂದ ಹೋಗಪ್ಪ, ಎದುರಿಂದ ಬೇಡ, ಹೆದರುತ್ತೆ..." ಅವನು ಪಕ್ಕದಿಂದಲೇ ಹೋದ. ಐಸ್ ಒಡೆದು ಅವನೂ ನೀರಿಗೆ ಬಿದ್ದ, ಸೂಟು ಅವನನ್ನು ಬೆಂಡಿನ ಹಾಗೆ ತೇಲಿಸಿತು. ನಾಯಿಯ ಹಿಂಭಾಗಕ್ಕೆ ತೋಳು ಕೊಟ್ಟು ಮೇಲಕ್ಕೆ ದೂಡಿದ. ಒಂದು ಕೈ ಎತ್ತಿ ಸನ್ನೆ ಮಾಡಿದ. ದಂಡೆಯವರು ಹಗ್ಗ ಎಳೆದರು. ಬಂತು, ಬಂತು, ಬಂತು!

ಇಡೀ ದಂಡೆ ಕೂಗಿತು. ಗಡ್ಡದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ನಾಯಿಯ ಕಡೆಗೆ ಹಾರಿದೆ. ಹಾರಿದ್ದಷ್ಟೇ, ಕುತ್ತಿಗೆ ಹಿಂದಕ್ಕೆ ಜಗ್ಗಿ ಧೊಪ್ಪನೆ ಕೂತೆ. ತಿರುಗಿ ನೋಡಿದರೆ ನನ್ನ ಜಾಕೆಟ್ಟಿನ ಟೊಪ್ಪಿಗೆ ಅಬ್ಬಾನ ಎಡಗೈ ಮುಷ್ಟಿಯಲ್ಲಿತ್ತು. ಫೋನ್ ಮಾಡುವಾಗ, ಕಿರುಚುವಾಗ, ಅಷ್ಟು ಹೊತ್ತೂ ಇತ್ತು. ನನಗೆ ಗೊತ್ತೇ ಆಗಿರಲಿಲ್ಲ.

"ಬಿಡಿ ಅಬ್ಬಾ, ಆಯ್ತು" ಎಂದೆ. ಬಿಡಲು ಅವರಿಂದಾಗಲಿಲ್ಲ. ಬೆರಳುಗಳು ಸೆಟೆದುಹೋಗಿದ್ದವು. ಒಂದೊಂದಾಗಿ ನಾನೇ ಬಿಡಿಸಿದೆ.

ನಾಯಿ ನಡುಗುತ್ತಿತ್ತು, ಅದೇ ಒಳ್ಳೆಯ ಲಕ್ಷಣ ಎಂದರು ಫೈರಿನವರು. ಒಣ ಬಟ್ಟೆ ಸುತ್ತಿ, ಉಜ್ಜಬೇಡಿ, ಹೀಟರ್ ಮುಂದೆ ಇಡಬೇಡಿ, ನಿಧಾನವಾಗಿ ಬೆಚ್ಚಗಾಗಲಿ, ಚೆನ್ನಾಗಿದೆ ಅನ್ನಿಸಿದರೂ ಡಾಕ್ಟರಿಗೆ ತೋರಿಸಲೇಬೇಕು ಎಂದರು. ಗೆಳತಿ ಜಮಖಾನ ತಂದಳು. ಅಬ್ಬಾ ತಮ್ಮ ಉಣ್ಣೆ ಶಾಲು ತೆಗೆದು ಕೊಟ್ಟರು. ನಮಾಜಿಗೆ ಹೋಗುವಾಗ ಹೊದೆಯುತ್ತಿದ್ದ ಶಾಲು; ನಾಯಿ ಮೂಸಿದರೆ ಒಗೆಯಲು ಹಾಕುತ್ತಿದ್ದವರು ತಾವೇ ಅದರ ಕಿವಿಯ ಸುತ್ತ ಹೊದಿಸಿದರು.

ಅವಳ ಹತ್ತಿರ ಹೋಗಿ ನಿಂತೆ. ಆ ಪುರಿ ಎಸೆದವಳು ನಾನು, ನಾಯಿ ಓಡಿದ್ದು ಅದಕ್ಕೇ ಎಂದೆ.

"ನೋಡಿದೆ" ಎಂದಳು. "ಹಗ್ಗ ಬಿಚ್ಚಿದವಳು ನಾನು." ನಾಯಿಯ ಕಿವಿಯ ಮೇಲಿನ ಶಾಲು ಸರಿಪಡಿಸಿ ಹೇಳಿದಳು, "ನಿಮ್ಮ ತಂದೆಗೆ ಒಂದು ಮಾತು ಹೇಳಿ. ಆ ಹೊತ್ತು ಅವರನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ."

ಹೇಳಿದೆ. ಅಬ್ಬಾ ತಮ್ಮ ಭುಜ ನೀವಿಕೊಳ್ಳುತ್ತಿದ್ದರು, ಅವಳು ಗುದ್ದಿದ ಭುಜ. ಮುಖದ ತುಂಬ ನಗು ಬಂತು. ಇನ್ನೂ ಡ್ಯೂಟಿಯಲ್ಲೇ ಇದ್ದರು, ಕನ್ನಡದಲ್ಲೇ ಹೇಳಿದರು.

"ಬಯ್ಯೋಕಾದ್ರೂ ಜೀವ ಇರ್ಬೇಕಲ್ಲ. ಎಷ್ಟು ಬೇಕೋ ಅಷ್ಟು ಬಯ್ಲಿ ಅಂತ ಹೇಳು, ಕೇಳಿಸ್ಕೊಳ್ಳೋಕೆ ನಾನು ಇದೀನಿ."

ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ. ಮೊದಲ ಪದಕ್ಕೇ ನಿಲ್ಲಿಸಿ ಗೆಳತಿಯ ಕಡೆ ತಿರುಗಿದೆ. ಗೆಳತಿಯೇ ಹೇಳಿದಳು. ಕೆಂಪು ಕೋಟಿನವಳು ನಕ್ಕಳು, ನಗುತ್ತಲೇ ಅತ್ತಳು, ನಾಯಿಯನ್ನು ಎದೆಗವಚಿಕೊಂಡು ಫೈರಿನವರ ಗಾಡಿ ಹತ್ತಿದಳು.

ಗಾಡಿ ಹೋದ ಮೇಲೆ ಅಬ್ಬಾ ನನ್ನ ಕಡೆ ತಿರುಗಿದರು. ನನ್ನ ಒದ್ದೆ ಬೂಟು ನೋಡಿ, ಬಗ್ಗಿ, ಲೇಸು ಬಿಚ್ಚತೊಡಗಿದರು.

"ನಿಂಗೂ ಅದೇ ಮಾತು" ಎಂದರು.